ಠಸ್ಸೆಯನ್ನು ಕತ್ತರಿಸಬೇಡಿ

ಠಸ್ಸೆ ಬಿದ್ದ ಹಳೆಯ ಅಂಚೆಚೀಟಿಗಳನ್ನು ಕತ್ತರಿಸಿ, ಹೊಂದಿಸಿ, ದಪ್ಪ ಕಾಗದದ ಮೇಲಂಟಿಸಿ ಯುಗಾದಿಗೋ ದೀಪಾವಳಿಗೋ ಶುಭಾಶಯಪತ್ರಗಳನ್ನು ಮನೆಯಲ್ಲಿಯೇ ರಚಿಸುವ ಹವ್ಯಾಸವೊಂದುಂಟು; ಅದನ್ನು ಕಂಡರೆ ಚೀಟಿ ಸಂಗ್ರಾಹಕರಾದ ನನ್ನ ಕೆಲವು ಮಿತ್ರರು, ದೇವರ ಪಟಕ್ಕೇ ಕತ್ತರಿ ಬಿದ್ದಿತೋ ಎಂಬಂತೆ ಕನಲುತ್ತಾರೆ. ಅವರ ಕೋಪದಲ್ಲಿ ಅರ್ಧಾಂಶ ನ್ಯಾಯವಿದೆ. ವಿಶ್ವೇಶ್ವರಯ್ಯನವರು ಬದುಕಿರುವಾಗಲೇ, 1960ರಲ್ಲಿ, ಅವರ ಜನ್ಮಶತಾಬ್ದಿಗೆಂದು ಹೊರಟ ಸ್ಮಾರಕಚೀಟಿಯನ್ನು ಕತ್ತರಿಸುವವನನ್ನು ನಾನೂ ಕ್ಷಮಿಸಲಾರೆ. ಆದರೆ 1949ರ ಪುರಾತತ್ತ್ವಮಾಲೆಯಲ್ಲಿ ವಿಜಾಪುರದ ಗೋಲಗುಮ್ಮಟವನ್ನು ಹೊತ್ತ ಆರಾಣೆಯ ಚೀಟಿ, 1955ರ ಪಂಚವಾರ್ಷಿಕ ಯೋಜನೆಯ ಮಾಲೆಯಲ್ಲಿ ಟ್ರ್ಯಾಕ್ಟರನ್ನು ಹೊತ್ತ ಚೀಟಿ, ಇವು ದಿನಬಳಕೆಗೆಂದೇ ಅಚ್ಚಾದವು. ಸಂಗ್ರಹದಲ್ಲಿ ಒಂದೆರಡಕ್ಕೆ ಸ್ಥಳ ದೊರೆತ ಮೇಲೆ ಮಿಕ್ಕವಕ್ಕೆ ಹರಿದ ಲಕೋಟೆಯೊಡನೆ ರದ್ದಿಯೇ ಗತಿ.

ಕೆಲಸವೇನೋ ತಾಳ್ಮೆಯದು. ಲಕೋಟೆಯ ಮೂಲೆಯನ್ನು ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ತೇಲಬಿಟ್ಟರೆ, ಅಂಟು ಲೋಳೆಯಾಗಿ, ಚೀಟಿಯು ತಾನಾಗಿಯೇ ಕಾಗದದಿಂದ ಜಾರುತ್ತದೆ. ಆತುರಪಟ್ಟು ಎಳೆದವನ ಕೈಗೆ ಹಲ್ಲು ಮುರಿದ ಅಂಚಷ್ಟೇ ಬರುತ್ತದೆ. ಬಣ್ಣದ ಲಕೋಟೆಯನ್ನು ಬೇರೆ ಬಟ್ಟಲಲ್ಲಿಯೇ ನೆನೆಸಬೇಕು, ಇಲ್ಲವಾದರೆ ಗುಮ್ಮಟಕ್ಕೂ ಗುಲಾಬಿ ಬಣ್ಣ ಬಳಿದೀತು. ಬಳಿಕ ಚಿತ್ರ ಕೆಳಗಾಗಿ ಬ್ಲಾಟಿಂಗ್ ಕಾಗದದ ಮೇಲೆ ಆರಿಸಿ, ನಿಘಂಟಿನಡಿ ಒಂದು ರಾತ್ರಿ ಅದುಮಿಡಬೇಕು.

ನನ್ನ ತಕರಾರು ಇದರ ಮುಂದಿನ ಹೆಜ್ಜೆಯ ಮೇಲೆ. ಚಿತ್ರ ಅಚ್ಚುಕಟ್ಟಾಗಿ ಕಾಣಲೆಂದು ಹಲವರು ಠಸ್ಸೆಯ ಭಾಗವನ್ನೇ ಕತ್ತರಿಸಿ ಎಸೆಯುತ್ತಾರೆ. ಕಳೆದ ದೀಪಾವಳಿಗೆ ನೆರೆಮನೆಯ ಹುಡುಗಿ ಕೊಟ್ಟ ಪತ್ರದಲ್ಲಿ ಹಣತೆಯೊಂದಿತ್ತು. ಅದರ ಹೊಟ್ಟೆಯ ಮೇಲಣ ಕಪ್ಪು ವರ್ತುಲದಲ್ಲಿ ‘ಸಾಗ’ ಎಂಬಷ್ಟೇ ಉಳಿದು, ಅದು ಸಾಗರವೇ ಇರಬೇಕೆಂದು ಭೂತಗನ್ನಡಿ ಹಿಡಿದು ಕಳೆದ ಹೊತ್ತನ್ನು ನಾನು ಒಳಗಿನ ಶುಭಾಶಯಕ್ಕೂ ಕೊಡಲಿಲ್ಲ. ಯಾರೋ ಯಾರಿಗೋ ಒಂದು ದಿನ ಬರೆದಿದ್ದರೆಂಬುದಕ್ಕೆ ಆ ಮಸಿಯೊಂದೇ ಸಾಕ್ಷಿ. ಠಸ್ಸೆ ಬಿದ್ದ ಚೀಟಿಯನ್ನು ಮತ್ತೆ ಅಂಚೆಶುಲ್ಕಕ್ಕಾಗಿ ಹಚ್ಚುವುದು ಅಪರಾಧವಾದುದರಿಂದ, ಇಂಥ ಪತ್ರವನ್ನು ಕೈಗೆ ಕೊಡದೆ ಹೊಸ ಚೀಟಿ ಹಚ್ಚಿ ಟಪಾಲಿಗೆ ಹಾಕಿದರೆ, ಒಳಗೆ ಹಳತು, ಹೊರಗೆ ಹೊಸತು, ಎರಡಕ್ಕೂ ಠಸ್ಸೆ!

ಸಾಮಗ್ರಿಯಂತೂ ವಿರಳವಾಗುತ್ತಿದೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ನನ್ನ ಮನೆಗೆ ಬರುವ ಲಕೋಟೆಗಳ ಮೇಲೆ ಈಗ ಬಾರ್‌ಕೋಡಿನ ಗೆರೆಗಳೇ ಹೆಚ್ಚು. ಆ ಹುಡುಗಿ ನನ್ನ ಹಳೆಯ ಕಾಗದಗಳನ್ನು ಕೇಳುತ್ತಿದ್ದಾಳೆ. ತಂದೆಯವರ ಪತ್ರಗಳ ಕಟ್ಟೊಂದನ್ನುಳಿದು ಮಿಕ್ಕವನ್ನೆಲ್ಲ ಕೊಟ್ಟಿದ್ದೇನೆ.