ಗುಲಾಬಿ ಸತ್ರ ನಿಮ್ಮ ಕೈಗುಣದ ತಪ್ಪಲ್ಲ

ಮೊನ್ನೆ ನಮ್ಮನಿಗೆ ಗಾರ್ಡನ್ ಮಾಡಿಕೊಡೋ ಗುತ್ತಿಗೆದಾರ ಒಬ್ಬಾಂವ ಬಂದಿದ್ದ. ಅಂಗಳದಾಗ ಒಂದ ಸುತ್ತ ಹಾಕಿ, "ಅಕ್ಕಾರ, ಇದು ಭಾಳ ಹಳೇದಾಗೇದ್ರಿ. ಎಲ್ಲಾ ಕಿತ್ತ ಒಗದು, ನೆಲಕ್ಕ ಪೇವರ್ ಹಾಸಿ, ಹೂ ಬಿಟ್ಟದ್ದ ಇಪ್ಪತ್ತ ಗುಲಾಬಿ ಪಾಟ್ ಇಟ್ಟಕೊಡ್ತೇನಿ. ಎಂಟ ದಿನದಾಗ ರೆಡಿ" ಅಂದ. ನಮ್ಮ ಮನಿಯವರು ಹೌದಂತ ಗೋಣ ಹಾಕಿದ್ರು. ಮಗಾ ಬೆಂಗಳೂರಿಂದ ಫೋನ್ ಮಾಡಿ "ಮಾಡಿಸಿಬಿಡಮ್ಮಾ, ಎಷ್ಟ ದಿನಾ ಒದ್ದಾಡ್ತಿ" ಅಂದ. ನಾ ಒಬ್ಬಾಕಿನ ಒಲ್ಲೆ ಅಂದೆ. ಯಾಕ ಒಲ್ಲೆ ಅನ್ನೋದನ್ನ ಮನ್ಯಾಗ ಯಾರೂ ಪೂರಾ ಕೇಳಲಿಲ್ಲ. ಅದಕ್ಕ ಇಲ್ಲಿ ಬರೀಲಿಕತ್ತೇನಿ, ನೀವರ ಕೇಳ್ರಿ.

ನಾ ಮದಿವ್ಯಾಗಿ ಧಾರವಾಡಕ್ಕ ಬಂದದ್ದು 1997ರಾಗ. ಆವಾಗ ಈ ಅಂಗಳದಾಗ ಇದ್ದದ್ದು ಒಂದ ಗುಲಾಬಿ ಕಂಟಿ. ನಮ್ಮ ಅತ್ತಿಯವರು ತಮ್ಮ ತೌರಮನಿಯಿಂದ ಕಡ್ಡಿ ತಂದು, ಬಚ್ಚಲ ನೀರ ಹೊರಗ ಬೀಳೋ ಕಡೆ ಹಚ್ಚಿದ್ದು. ಪನ್ನೀರ ಗುಲಾಬಿ. ತೋಟಗಾರಿಕಿ ಪುಸ್ತಕದಾಗ ಅದಕ್ಕ ಎಡ್ವರ್ಡ್ ರೋಸ್ ಅಂತಾರ. ವಾಸನಿ ಅಂದ್ರ ಗೇಟಿನ ತನಕಾ ಬರ್ತಿತ್ತು. ಆದ್ರ ಮುಂಜಾನೆ ಅರಳಿದ್ದು ಸಂಜಿ ಅನ್ನೋದರಾಗ ಉದರ್ತಿತ್ತು. ದೇವರಿಗೆ ಏರಿಸಿ ಉಳದ ಎಸಳಿಗೆ ಸಕ್ಕರಿ ಹಾಕಿ ಬಿಸಲಿಗಿಟ್ಟು ಗುಲಕಂದ ಮಾಡ್ತಿದ್ರು. ಅದಕ್ಕ ಯಾರೂ "ಗಾರ್ಡನ್" ಅನ್ನಲಿಲ್ಲ.

ಗಾರ್ಡನ್ ಮಾಡ್ಲಿಕ್ಕೆ ಹೊಂಟಾಕಿ ನಾನು. ಫಲಪುಷ್ಪ ಪ್ರದರ್ಶನ ನೋಡಿ ಬಂದು ತಲಿ ಕೆಟ್ಟಿತ್ತು. ಗ್ಲಾಡಿಯೇಟರ್ ಅನ್ನೋ ಕೆಂಪು, ಸೂಪರ್ ಸ್ಟಾರ್ ಅನ್ನೋ ಕಿತ್ತಳಿ, ಪೀಸ್ ಅನ್ನೋ ಹಳದಿ. ಈ ಪೀಸ್ ಅನ್ನೋದನ್ನ ಫ್ರಾನ್ಸಿನ ಮೆಯ್ಯಾಂ ಮನೆತನದವರು ಬೆಳಸಿದ್ದು. 1945ರಾಗ ಮಹಾಯುದ್ಧ ಮುಗಿಯೋ ಹೊತ್ತಿಗೆ ಶಾಂತಿ ಅಂತ ಹೆಸರಿಟ್ರು. ನಮ್ಮ ಅಂಗಳದಾಗ ಮಾತ್ರ ಅದು ಯಾರಿಗೂ ಶಾಂತಿ ಕೊಡಲಿಲ್ಲ. ಹಾಲಿನ ಲೆಕ್ಕ ಬರಿಯೋ ವಹಿಯೊಳಗ ಗಿಡದ ಲೆಕ್ಕಾನೂ ಬರದಿಟ್ಟೇನಿ: 2001ರಿಂದ 2009ರ ತನಕಾ ತಂದದ್ದು 41 ಗಿಡಾ. ಇವತ್ತ ಉಳದದ್ದು ಐದು.

ಸಾಲು ನೆಟ್ಟಗ ಬರಲಿ ಅಂತ 2004ರಾಗ ಅತ್ತಿಯವರ ಪನ್ನೀರ ಗುಲಾಬಿ ಕಂಟಿನೂ ನಾನ ಕಡಸಿದೆ. ಅವರು "ನಿನ್ನ ಅಂಗಳ, ನೀ ನೋಡ್ಕೋ" ಅಂದು ಒಳಗ ಹೋದ್ರು. ಇದನ್ನ ಮುಚ್ಚಿಟ್ಟು ಗುತ್ತಿಗೆದಾರಗ ಬೈದ್ರ ನಾ ಸುಳ್ಳ ಹೇಳಿಧಂಗ ಆಗ್ತದ.

ಗಿಡಾ ಒಂದೊಂದ ಸಾಯೋವಾಗ ಎಲ್ಲಾರದೂ ಒಂದ ಮಾತು: "ನಿನ್ನ ಕೈಗುಣ ಛೊಲೊ ಇಲ್ಲ ಬಿಡು." ನನ್ನ ಜಗಳ ಇರೋದ ಈ ಮಾತಿನ ಜೋಡಿ. ಈ ಒಂದ ಮಾತಿನಿಂದ ಎಷ್ಟೋ ಹೆಣ್ಣಮಕ್ಕಳು ಎರಡ ಗಿಡಾ ಸತ್ತ ಕೂಡಲೇ ಕೈ ಬಿಟ್ಟಾರ. ಇಲ್ಲಾಂದ್ರ ವರ್ಷಾ ವರ್ಷಾ ಹೊಸಾವು ತಂದು, ವರ್ಷಾ ವರ್ಷಾ ಸಾಯಿಸಿ, ಬೈಸಿಕೊಂಡ ಕೂತಾರ. ಗುಲಾಬಿ ಬದುಕೋದು ಸಾಯೋದು ಮೂರರ ಮ್ಯಾಲೆ: ಬುಡ, ಮಣ್ಣು, ಬಿಸಲು. ಕೈ ಅದರಾಗ ಎಲ್ಲೂ ಇಲ್ಲ.

ಮೊದಲ ಬುಡ. ನರ್ಸರಿಯಿಂದ ತರೋ ದೊಡ್ಡ ಹೂವಿನ ಗಿಡಾ ಬಹಳಷ್ಟು ಕಸಿ ಮಾಡಿದ್ದು. ಮ್ಯಾಲಿಂದ ಒಂದ ಜಾತಿ, ಬೇರಿಂದ ಇನ್ನೊಂದ ಜಾತಿ. ಕಸಿ ಗಂಟಿನ ಕೆಳಗಿಂದ ಚಿಗುರು ಬಂದ್ರ ಅದು ಬೇರಿನ ಜಾತಿದು, ನೀವ ರೊಕ್ಕಾ ಕೊಟ್ಟದ್ದಲ್ಲ. ನನ್ನ ಪೀಸ್ ಒಣಗಿ ಮತ್ತ ಭರ್ಜರಿ ಚಿಗತಾಗ ಓಣಿಗೆಲ್ಲಾ ಹೇಳಿಕೊಂಡ ಬಂದೆ. ಎಂಟ ತಿಂಗಳಾದ ಮ್ಯಾಲೆ ಬಿಟ್ಟದ್ದು ಸಣ್ಣ ಸಣ್ಣ ಬಿಳಿ ಹೂವು! ಏಳ ಎಲಿ ಇದ್ರ ಕಾಡಗುಲಾಬಿ, ಐದ ಎಲಿ ಇದ್ರ ಕಸಿ ಅಂತ ಹೇಳೋದನ್ನೂ ಪೂರಾ ನಂಬಬ್ಯಾಡ್ರಿ, ಎಷ್ಟೋ ಒಳ್ಳೆ ಜಾತಿಗೂ ಏಳ ಎಲಿ ಬರ್ತಾವ. ಬುಡದ ಮಣ್ಣ ಸರಿಸಿ ಚಿಗುರು ಎಲ್ಲಿಂದ ಹುಟ್ಟೇದ ನೋಡ್ರಿ, ಗಂಟಿನ ಕೆಳಗಿಂದಿದ್ರ ಕಿತ್ತ ತಗೀರಿ.

ಎರಡನೇದು ಮಣ್ಣು. ಧಾರವಾಡದ ಈ ಕಡೆ ಮಸಾರಿ, ಹುಬ್ಬಳ್ಳಿ ಕಡೆ ಹೋದ್ರ ಎರಿ. ಎರಿ ಮಣ್ಣು ಮಳಿಗಾಲದಾಗ ನೀರ ಹಿಡಕೊಂಡ ಕೂಡ್ತದ, ಬ್ಯಾಸಿಗ್ಯಾಗ ಬಿರೀತದ. ಎರಡೂ ಗುಲಾಬಿ ಬೇರಿಗೆ ಆಗಿ ಬರೂದುಲ್ಲ. ಹುಬ್ಬಳ್ಳಿಯ ನಮ್ಮ ವೈನಿ "ಒಲಿ ಬೂದಿ ಛೊಲೊ ಗೊಬ್ಬರ" ಅಂತ ಬುಟ್ಟಿಗಟ್ಟಲೆ ಹಾಕಿದ್ರು. ಎರಿ ಮಣ್ಣಿನ್ಯಾಗ ಮೊದಲ ಕ್ಷಾರ ಜಾಸ್ತಿ, ಬೂದಿ ಅದನ್ನ ಇನ್ನೂ ಏರಸ್ತದ. ಎಲಿ ಎಲ್ಲಾ ಹಳದಿ ಬಿದ್ದೂ, ಬೈಗಳ ಬಿದ್ದದ್ದು ವೈನಿ ಕೈಗುಣಕ್ಕ. ಇನ್ನೊಂದು, ಗುಲಾಬಿ ಸತ್ತ ಗುಂಡ್ಯಾಗ ಮಣ್ಣ ಬದಲ ಮಾಡಲಾರದ ಮತ್ತ ಗುಲಾಬಿ ಹಚ್ಚಿದ್ರ ಅದು ಏಳೋದು ಕಷ್ಟ. ನಾ ಒಂದ ಗುಂಡ್ಯಾಗ ನಾಕ ಗಿಡಾ ಹುಗದೇನಿ.

ಮೂರನೇದು ಬಿಸಲು. ಗುಲಾಬಿಗೆ ದಿನಕ್ಕ ಐದಾರ ತಾಸು ಬಿಸಲು ಬೇಕ ಬೇಕು. 2001ರಾಗ ನಮ್ಮ ಅಂಗಳ ಬೋಳಿತ್ತು. ನಾನ ಹಚ್ಚಿದ ಮಾವಿನ ಗಿಡಾ ಬೆಳೀತು, ಬಾಜೂ ಮನಿಯವರು ಮ್ಯಾಲೆ ಎರಡ ಮಜಲಿ ಏರಿಸಿದ್ರು. ಮೂಡಲ ದಿಕ್ಕಿನ ಸಾಲಿಗೆ ಬರ್ತಿದ್ದ ಮುಂಜಾನಿ ಬಿಸಲು ಹೋತು. ಗಿಡಾ ಉದ್ದುದ್ದ ಬೆಳದು, ಮೊಗ್ಗಿ ಕಡಿಮ್ಯಾಗಿ, ಬೂದಿ ರೋಗ ಹತ್ತಿ ಒಂದೊಂದ ಹೋದೂ. ಅಂಗಳ ವರ್ಷಾ ವರ್ಷಾ ಬದಲಾಗ್ತದ, ಗುಲಾಬಿ ಅದರ ಜೋಡಿ ಬದಲಾಗ್ತದ. ಇದಕ್ಕ ತೋಟ ಕೆಡ್ತು ಅನ್ನಬ್ಯಾಡ್ರಿ. ಬಿಸಲ ಎಲ್ಲಿಗೆ ಸರೀತೋ ಅಲ್ಲಿಗೆ ಗಿಡಾನೂ ಸರಸ್ರಿ. ನನ್ನ ಗ್ಲಾಡಿಯೇಟರ್‌ನ ಪಡುವಲ ಗ್ವಾಡಿ ಹತ್ರ ಸರಿಸಿದೆ. ಹತ್ತೊಂಬತ್ತ ವರ್ಷದ ಮುದುಕಿ, ಇನ್ನೂ ಹೂ ಬಿಡ್ತಾಳ.

ನಾಟಿ ಅಷ್ಟ ಛೊಲೊ, ಹೈಬ್ರಿಡ್ ಎಲ್ಲಾ ಕೆಟ್ಟ ಅಂತ ನಾ ಅನ್ನೂದುಲ್ಲ. ಗೋಧಿ ತಳಿ ಮಾಡಿದ ಡಾ. ಬಿ.ಪಿ. ಪಾಲ್, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರು, ತಾವ ಎಷ್ಟೋ ಗುಲಾಬಿ ತಳಿ ಬೆಳಸಿದ್ರು. 1966ರಾಗ ಭಾರತದ ಗುಲಾಬಿ ಮ್ಯಾಲೆ ದೊಡ್ಡ ಪುಸ್ತಕಾನೂ ಬರದ್ರು. ಥಂಡಿ ದೇಶದ ಗುಲಾಬಿ ಚಳಿಗಾಲದಾಗ ಮಲಗತದ, ನಮ್ಮ ಕಡೆ ಮಲಗೂದುಲ್ಲ. ಅದಕ್ಕ ಮಳಿ ಮುಗದ ಮ್ಯಾಲೆ ಚಾಟಣಿ ಮಾಡಿ ನಾವ ಅದಕ್ಕ ವಿಶ್ರಾಂತಿ ಕೊಡಬೇಕು. ಚಾಟಣಿ ಆಗಿ ಆರೇಳ ವಾರಕ್ಕ ಹೂ ಬರ್ತಾವ. ಇದೆಲ್ಲಾ ಕಲೀಲಿಕ್ಕೆ ಒಂದ ಗಿಡಕ್ಕ ಮೂರ ವರ್ಷರ ಕೊಡಬೇಕು. ಎಂಟ ದಿನದ ಗುತ್ತಿಗಿಯೊಳಗ ಅದು ಎಲ್ಲಿ ಬರ್ತದ? ನೆಳ್ಳಿನ ಮನ್ಯಾಗ ಗೊಬ್ಬರ ಕುಡಿಸಿ ಹೂ ಬಿಡಿಸಿ ತಂದ ಪಾಟ್, ಏಪ್ರಿಲ್ ಬಿಸಲಿಗೆ ಪೇವರ್ ಮ್ಯಾಲೆ ಕಾದ ಬೋಗುಣಿ ಆಗ್ತದ. ಬೇರು ಬೇಯ್ತದ. ಜೂನಿಗೆ ಮತ್ತ ಅದ ಗುತ್ತಿಗೆದಾರ, ಮತ್ತ ಇಪ್ಪತ್ತ ಗಿಡಾ, ಮತ್ತ ನಮ್ಮ ಕೈಗುಣ!

ಪನ್ನೀರ ಗುಲಾಬಿ ಕತಿ ಇನ್ನೂ ಮುಗದಿಲ್ಲ. ಕಡಸಿದ ಒಂಬತ್ತ ವರ್ಷಕ್ಕ, 2013ರಾಗ, ಎರಡ ಓಣಿ ಆಚೆ ಒಬ್ಬರ ಮನಿಗೆ ಅರಿಷಿಣ ಕುಂಕುಮಕ್ಕ ಹೋಗಿದ್ದೆ. ಹಿತ್ತಲದಿಂದ ಅದ ವಾಸನಿ ಬಂತು. "ನಿಮ್ಮ ಅತ್ತಿಯವರ ಕೊಟ್ಟ ಕಡ್ಡಿನ ಇದು" ಅಂದ್ರು. ನಾಕ ಕಡ್ಡಿ ಬೇಡಿ ತಂದೆ, ಎರಡು ಹತ್ತಿದೂ. ಅತ್ತಿಯವರು ಕೊಟ್ಟಿದ್ದಕ್ಕ ಅದು ಉಳೀತು. ನಾ ರೊಕ್ಕಾ ಕೊಟ್ಟ ತಂದು ಗೇಟಿನ ಒಳಗ ಕಾಯ್ದಿದ್ದ 36 ಗಿಡಾ ಹೋದೂ.

ಅತ್ತಿಯವರಿಗೆ ಈಗ 86. ಕಣ್ಣ ಅಷ್ಟಕ್ಕಷ್ಟ. ಮುಂಜಾನೆ ಕಟ್ಟಿ ಮ್ಯಾಲೆ ಕೂತು "ಇವತ್ತ ಮೂರ ಬಿಟ್ಟಾವೇನ?" ಅಂತ ವಾಸನಿ ಮ್ಯಾಲೆ ಲೆಕ್ಕ ಕೇಳ್ತಾರ. ಗುತ್ತಿಗೆದಾರನ ನಕ್ಷಾದಾಗ ಆ ಜಾಗಾಕ್ಕ ಪೇವರ್ ಅದ.

ಕಾರಿಗೆ ಜಾಗಾ ಬೇಕು, ಒಪ್ಪತೇನಿ. ಎರಡ ಗಾಲಿ ಹೋಗೋ ಅಷ್ಟು ಫರಸಿ ಹಾಕಿಸೋಣ, ನಡುವಿನ ಮಣ್ಣು ಇರಲಿ. ಇದಕ್ಕಿಂತ ಹೆಚ್ಚು ಒಂದ ಗೇಣೂ ನಾ ಬಿಡೂದುಲ್ಲ.

ಈ ಸಲಾ ಮಳಿ ನಿಂತ ಕೂಡಲೇ ಚಾಟಣಿ ಮಾಡ್ತೇನಿ. ಕಡ್ಡಿ ಬೇಕಾದವರು ಬರ್ರಿ, ಒದ್ದಿ ಮಾಡಿದ ಗೋಣಿತಾಟ ತರ್ರಿ. ಪೆನ್ಸಿಲ್ ದಪ್ಪಂದು, ಗೇಣುದ್ದ, ಮೂರ ನಾಕ ಕಣ್ಣ ಇರೋವಂಥಾದ್ದು ಕೊಡ್ತೇನಿ. ಅರ್ಧಕ್ಕಿಂತ ಹೆಚ್ಚು ಮಣ್ಣಾಗ ಹುಗೀರಿ, ಹತ್ತೋ ತನಕಾ ನೆಳ್ಳಾಗ ಇಡ್ರಿ, ಅಲುಗಾಡಿಸಬ್ಯಾಡ್ರಿ. ನಾಕರಾಗ ಎರಡ ಸತ್ರ ಕೈ ನೋಡಕೋಬ್ಯಾಡ್ರಿ, ಮತ್ತ ಬಂದು ಎರಡ ಒಯ್ರಿ. ನಾಳೆ ನಂದು ಒಣಗಿದ್ರ ನಾ ನಿಮ್ಮ ಮನಿಗೆ ಬರ್ತೇನಿ.