ತಿಥಿ ಕೇಳುವ ನಗರ

ತರಗತಿಯಲ್ಲಿ ‘ಅತಿಥಿ’ ಎಂಬ ಶಬ್ದ ಬಂದಾಗಲೆಲ್ಲ ಅದರ ವ್ಯುತ್ಪತ್ತಿಯನ್ನು ಹೇಳುವುದು ನನ್ನ ವಾಡಿಕೆ. ಯಾರ ಬರವಿಗೆ ತಿಥಿಯ ಕಟ್ಟಿಲ್ಲವೋ, ಯಾರು ಮುನ್ಸೂಚನೆಯಿಲ್ಲದೆ ಬಾಗಿಲಲ್ಲಿ ಬಂದು ನಿಲ್ಲುವರೋ ಅವರೇ ಅತಿಥಿಗಳು ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಹಲವು ವರ್ಷಗಳಿಂದ ಒಪ್ಪಿಸಿಕೊಂಡು ಬಂದ ಈ ಪಾಠ 2025ರ ಮೇ ತಿಂಗಳ ಒಂದು ಶುಕ್ರವಾರ, ಇಟಲಿಯ ವೆನಿಸ್ ನಗರದ ರೈಲುನಿಲ್ದಾಣದ ಹೊರಗೆ, ನನಗೆ ಬೇರೊಂದು ಬಗೆಯಲ್ಲಿ ನೆನಪಾಯಿತು. ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೇ ಮಹಾಕಾಲುವೆ. ಕಣ್ಣು ಅದರ ಮೇಲೆ ನೆಲೆಸುವುದಕ್ಕೆ ಮೊದಲೇ ತಪಾಸಣೆಯ ತರುಣಿಯೊಬ್ಬಳು ಅಡ್ಡ ಬಂದು, ನಾನು ಬರುವ ದಿನವನ್ನು ಮುಂಚಿತವಾಗಿ ನೋಂದಾಯಿಸಿದ್ದಕ್ಕೆ ಗುರುತೇನು ಎಂದು ಕೇಳಿದಳು. ಮೊಬೈಲಿನಲ್ಲಿದ್ದ ಚೀಟಿಯನ್ನು ತೋರಿಸಿದೆ. ನಗುತ್ತಲೇ ದಾರಿ ಬಿಟ್ಟಳು. ತಿಥಿಯನ್ನು ಒಪ್ಪಿಸಿದ ಮೇಲೆ ನಾನು ಅತಿಥಿಯಾದೆ!

ಈ ನಿಯಮದ ಹಿನ್ನೆಲೆಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಬೆಳಗ್ಗೆ ಬಂದು ಸಂಜೆಗೆ ಮರಳುವ ಪ್ರವಾಸಿಗಳಿಂದ ಪ್ರವೇಶಶುಲ್ಕ ಪಡೆಯುವ ಪದ್ಧತಿಯನ್ನು ವೆನಿಸ್ ನಗರಸಭೆ 2024ರ ಏಪ್ರಿಲ್ 25ರಂದು ಆರಂಭಿಸಿತು. ಆ ವರ್ಷ ಜನಸಂದಣಿಯ 29 ದಿನಗಳಲ್ಲಿ ತಲೆಗೆ 5 ಯೂರೋ. 2025ರಲ್ಲಿ ದಿನಗಳು 54ಕ್ಕೆ ಏರಿದವು, ಕೊನೆಯ ಗಳಿಗೆಯಲ್ಲಿ ಎಚ್ಚತ್ತವರಿಗೆ ಶುಲ್ಕ 10 ಯೂರೋ ಆಯಿತು. ಊರೊಳಗೆ ರಾತ್ರಿ ತಂಗುವವನು ಇದರಿಂದ ಮುಕ್ತ. ಅವನು ವಸತಿಯ ತೆರಿಗೆಯನ್ನು ಬೇರೆಯಾಗಿ ತೆರುತ್ತಾನೆ. ವಿನಾಯಿತಿಯ ಚೀಟಿಯೊಂದನ್ನು ಮಾತ್ರ ಪಡೆದಿರಬೇಕು. ನನ್ನದು ಅಂಥ ಚೀಟಿ.

ಈ ವಿನಾಯಿತಿ ನನ್ನಲ್ಲಿ ಸಣ್ಣದೊಂದು ಹೆಮ್ಮೆಯನ್ನು ಹುಟ್ಟಿಸಿತೆಂದು ಒಪ್ಪಿಕೊಳ್ಳಬೇಕು. ಮಾರ್ಗದರ್ಶಕನ ಬಾವುಟದ ಹಿಂದೆ ಕುರಿಮಂದೆಯಂತೆ ಸಾಗುವವನು ನಾನಲ್ಲ. ಒಬ್ಬನೇ ಬಂದವನು, ದಾರಿ ತಪ್ಪಲು ಹೆದರದವನು, ಊರನ್ನು ಊರಿನವರಂತೆ ನೋಡಬಯಸುವವನು. ಅದಕ್ಕೆಂದೇ ಹೋಟೆಲನ್ನು ಬಿಟ್ಟು, ಒಳಗಲ್ಲಿಯೊಂದರ ಹಳೆಯ ಕಟ್ಟಡದಲ್ಲಿ ಮೂರು ರಾತ್ರಿಗೆ ಒಂದು ಮನೆಯನ್ನು ಹಿಡಿದಿದ್ದೆ. ಬಾಗಿಲ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದ ಕೈ. ಅಂಕಿಗಳನ್ನು ಒತ್ತಿದರೆ ಪೆಟ್ಟಿಗೆ ತೆರೆಯುತ್ತದೆ. ಯಜಮಾನ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಕರೆಗಂಟೆಗಳ ಫಲಕದಲ್ಲಿ ಐದು ಗುಂಡಿಗಳು. ನಾಲ್ಕರ ಮುಂದೆ ಅಂಕಿ, ಒಂದರ ಮುಂದೆ ಮಾತ್ರ ಹೆಸರು. ಆ ಹೆಸರಿನ ವೃದ್ಧೆ ಮರುದಿನ ತರಕಾರಿಯ ಚೀಲ ಹಿಡಿದು ಮೆಟ್ಟಿಲೇರುವಾಗ ಎದುರಾದರು. ನಮಸ್ಕರಿಸಿದೆ. ನಮ್ಮ ಕಡೆಯಾದರೆ ಯಾವ ಊರು, ಯಾರ ಪೈಕಿ ಎಂದು ಕೇಳುತ್ತಿದ್ದರು. ಅವರು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಮಾತು: “ಎಷ್ಟು ರಾತ್ರಿ?” ಮೂರು ಎಂದೆ. ತಲೆಯಾಡಿಸಿ ಮೇಲೆ ಹೋದರು.

ಅಂದು ಮಧ್ಯಾಹ್ನ ರಿಯಾಲ್ಟೊ ಸೇತುವೆಯ ಬಳಿಯ ಚೌಕದಲ್ಲಿ, ಔಷಧದ ಅಂಗಡಿಯೊಂದರ ಕಿಟಕಿಯ ಮುಂದೆ ನಿಂತೆ. ಹಳೆಯ ನಗರದಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆಯನ್ನು ತೋರಿಸುವ ಫಲಕವೊಂದು 2008ರಿಂದ ಅಲ್ಲಿದೆ. ಅದನ್ನು ಇಟ್ಟ ಕಾಲಕ್ಕೆ ಸಂಖ್ಯೆ 60,000ದ ಆಸುಪಾಸಿನಲ್ಲಿತ್ತು. 2022ರಲ್ಲಿ 50,000ದ ಕೆಳಗಿಳಿಯಿತು. 1951ರಲ್ಲಿ ಇದೇ ದ್ವೀಪಗಳಲ್ಲಿ ಸುಮಾರು 1,75,000 ಜನ ಬಾಳುತ್ತಿದ್ದರು. 2023ರಲ್ಲಿ ಅಲ್ಲಿಯ ನಾಗರಿಕರ ಸಂಘಟನೆಯೊಂದು ಲೆಕ್ಕ ಹಾಕಿ, ಪ್ರವಾಸಿಗಳಿಗಾಗಿ ಹಾಸಿದ ಹಾಸಿಗೆಗಳು ನಿವಾಸಿಗಳ ಸಂಖ್ಯೆಯನ್ನು ಮೀರಿದವೆಂದು ಸಾರಿತು. ನನ್ನ ಹಾಸಿಗೆಯೂ ಆ ಲೆಕ್ಕದಲ್ಲಿ ಸೇರುವಂಥದೇ ಎಂಬುದು ಆ ಕಿಟಕಿಯ ಮುಂದೆ ನನಗೆ ಹೊಳೆಯಿತು.

ಎಲ್ಲ ದೋಷವನ್ನೂ ಪ್ರವಾಸಿಗೆ ಹೊರಿಸುವುದು ನ್ಯಾಯವಲ್ಲ. ಎದುರು ದಡದ ಮಾರ್ಗೆರಾದಲ್ಲಿ ಕಾರ್ಖಾನೆಗಳೆದ್ದಾಗ ದುಡಿಯುವ ಜನ ಅತ್ತ ಸರಿದರು. ಅಲ್ಲಿ ಮನೆ ಅಗ್ಗ, ಒಣನೆಲ, ಬಾಗಿಲವರೆಗೆ ವಾಹನ. 1966ರ ನವೆಂಬರ್ 4ರಂದು ಸಮುದ್ರ 194 ಸೆಂಟಿಮೀಟರಿನಷ್ಟು ಉಕ್ಕಿ ಬಂದಾಗ ನೆಲಮಾಳಿಗೆಯ ಬಾಳು ಅನೇಕರಿಗೆ ಸಾಕೆನಿಸಿತು. ಆದರೆ ನೀರಿಗೆ ಮದ್ದು ದೊರಕಿದೆ. ಕೊಲ್ಲಿಯ ಬಾಯಿಗಳಲ್ಲಿ ಏಳುವ ಕದಗಳು 2020ರ ಅಕ್ಟೋಬರಿನಿಂದ ಉಬ್ಬರವನ್ನು ತಡೆಯುತ್ತಿವೆ. ಖಾಲಿಯಾದ ಮನೆಗೆ ಹೊಸ ಸಂಸಾರ ಬಾರದಂತೆ ತಡೆಯುವುದು ಈಗ ನೀರಲ್ಲ, ಬಾಡಿಗೆ. ತಿಂಗಳ ಬಾಡಿಗೆಗೆ ಬರುವ ಶಿಕ್ಷಕ ಕೊಡುವ ಹಣಕ್ಕಿಂತ ರಾತ್ರಿಯ ಲೆಕ್ಕದಲ್ಲಿ ಬರುವ ಶಿಕ್ಷಕ ಕೊಡುವುದು ಹೆಚ್ಚು. ಆ ಎರಡನೆಯ ಶಿಕ್ಷಕ ನಾನೇ.

ಇಲ್ಲಿಯೇ ನಗರಸಭೆಯ ಶುಲ್ಕ ಗುರಿ ತಪ್ಪಿದೆಯೆಂದು ನನಗೆ ತೋರುತ್ತದೆ. ಶುಲ್ಕದಿಂದ ಬರುವವರ ಎಣಿಕೆ ಸಿಗುತ್ತದೆ, ಬೊಕ್ಕಸಕ್ಕೂ ಒದಗುತ್ತದೆ: 2024ರಲ್ಲಿ ಸುಮಾರು 24 ಲಕ್ಷ ಯೂರೋ ಕೂಡಿತು. ಇದನ್ನು ವಿರೋಧಿಸಿದ ನಿವಾಸಿಗಳು, ತಮ್ಮ ಊರಿಗೆ ವಸ್ತುಸಂಗ್ರಹಾಲಯದಂತೆ ಟಿಕೆಟಿಟ್ಟರೆಂದು ಮೊದಲ ದಿನವೇ ಬೀದಿಗಿಳಿದರು. ಹಗಲಿನ ಪ್ರವಾಸಿ ಗಲ್ಲಿಗಳನ್ನು ಕಿಕ್ಕಿರಿಸುತ್ತಾನೆ, ನಿಜ. ಆದರೆ ಆ ನೂಕುನುಗ್ಗಲು ಸಂಜೆಯ ರೈಲಿನೊಡನೆ ಕರಗುತ್ತದೆ. ರಾತ್ರಿಯ ಪ್ರವಾಸಿ ಸದ್ದಿಲ್ಲದವನು, ಸಭ್ಯ, ರಸಿಕ. ಅವನು ಆಕ್ರಮಿಸುವುದು ಬೀದಿಯನ್ನಲ್ಲ, ಮನೆಯನ್ನು. ಮೊದಲನೆಯವನಿಂದ ಊರಿಗೆ ಆಯಾಸ, ಎರಡನೆಯವನಿಂದ ಕ್ಷಯ. ತಪಾಸಣೆಯ ತರುಣಿ ತಡೆಯಬೇಕಾದವನನ್ನು ನಗುತ್ತ ಒಳಗೆ ಬಿಟ್ಟಳು.

ಸ್ಪೇನಿನ ಬಾರ್ಸೆಲೋನಾ ಈ ಗಂಟನ್ನು ಬೇರೆ ತುದಿಯಿಂದ ಬಿಚ್ಚಹೊರಟಿದೆ. 2024ರ ಜುಲೈಯಲ್ಲಿ ಅಲ್ಲಿಯ ಮೆರವಣಿಗೆಯೊಂದರಲ್ಲಿ ಕೆಲವರು ಪ್ರವಾಸಿಗಳ ಮೇಲೆ ಆಟಿಕೆಯ ಪಿಚಕಾರಿಗಳಿಂದ ನೀರೆರಚಿದ ಚಿತ್ರವನ್ನು ಲೋಕವೆಲ್ಲ ಕಂಡಿತು. ಅದಕ್ಕೆ ಎರಡು ವಾರಗಳ ಹಿಂದೆಯೇ ಮೇಯರ್ ಜೌಮೆ ಕೊಲ್‌ಬೋನಿ, ಪ್ರವಾಸಿಗಳಿಗೆ ಬಾಡಿಗೆಗಿರುವ 10,101 ಮನೆಗಳ ಪರವಾನಗಿಗಳನ್ನು 2028ರ ನವೆಂಬರಿನ ಹೊತ್ತಿಗೆ ಕೊನೆಗಾಣಿಸುವುದಾಗಿ ಪ್ರಕಟಿಸಿದ್ದರು. ಮನೆಯೊಡೆಯರು ಪ್ರತಿಭಟಿಸಿದ್ದಾರೆ, ಆ ಬಾಡಿಗೆಯಿಂದಲೇ ಬದುಕುವವರೂ ಅವರಲ್ಲಿ ಉಂಟು. ಆದರೂ ಪ್ರಶ್ನೆಯನ್ನು ಆ ನಗರ ಸರಿಯಾಗಿ ಕೇಳಿದೆ. ಎಷ್ಟು ಜನ ಬಂದರು ಎಂಬುದಲ್ಲ, ಎಷ್ಟು ಜನ ಉಳಿದರು ಎಂಬುದು ಮುಖ್ಯ. ಆತಿಥೇಯನಿಲ್ಲದ ಮನೆಗೆ ಬಂದವನನ್ನು ಅತಿಥಿಯೆಂದು ಕರೆಯುವುದು ಹೇಗೆ?

ವೆನಿಸ್ಸಿನ ಈ ಪ್ರಶ್ನೆ ನಮಗೆ ತೀರ ಹೊರಗಿನದಲ್ಲ. ಸುಮಾರು ಆರು ಶತಮಾನಗಳ ಹಿಂದೆ ಆ ನಗರದ ಆಶ್ರಯದಲ್ಲಿದ್ದ ಕಿಯೊಜ್ಜಾ ಎಂಬ ಊರಿನ ವರ್ತಕ ನಿಕೊಲೊ ದೆ ಕೊಂತಿ ನಮ್ಮ ವಿಜಯನಗರಕ್ಕೆ ಬಂದಿದ್ದ. ಪರ್ಷಿಯದ ಭಾಷೆ ಕಲಿತು, ಅಲ್ಲಿಯ ಉಡುಪು ತೊಟ್ಟು, ಸಂಸಾರವನ್ನು ಜೊತೆಗೆ ಕಟ್ಟಿಕೊಂಡು ತಿರುಗಿದವನು ಅವನು. ಅವನು ಕಂಡ ನಗರದಲ್ಲಿ ಜನವಿದ್ದರು. ಇಂದು ಹಂಪಿ 1986ರಿಂದಲೂ, ವೆನಿಸ್ 1987ರಿಂದಲೂ ವಿಶ್ವಪರಂಪರೆಯ ಒಂದೇ ಪಟ್ಟಿಯಲ್ಲಿವೆ. ವಿರೂಪಾಕ್ಷ ದೇವಾಲಯದ ಮುಂದಣ ಬೀದಿಯ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಹೂಡಿದ್ದ ಕುಟುಂಬಗಳನ್ನು 2011ರಲ್ಲಿ ಸ್ಮಾರಕಗಳ ರಕ್ಷಣೆಗಾಗಿ ತೆರವುಗೊಳಿಸಲಾಯಿತು. ಕಲ್ಲಿಗೆ ಆದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಳಗಿನ ಹೊತ್ತು ಆ ಬೀದಿಯಲ್ಲಿ ನಡೆದಾಗ, ಅಂಗಳಕ್ಕೆ ನೀರು ಚಿಮುಕಿಸುವ ಕೈಯೊಂದೂ ಇಲ್ಲದ ಅಂದ ನನಗೆ ಅರ್ಧ ಅಂದವಾಗಿಯೇ ಕಂಡಿದೆ. ಅಲ್ಲಿ ಕಲ್ಲನ್ನು ಕಾಯಲು ಜನರನ್ನು ಕಳಿಸಿದೆವು. ಇಲ್ಲಿ ನೋಟಕರಿಗೆ ಎಡೆಮಾಡಲು ಜನ ತಾವೇ ಹೋಗುತ್ತಿದ್ದಾರೆ. ಸೇರುವ ಊರು ಒಂದೇ.

ದೇಶ ಸುತ್ತಬೇಡಿರೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಲಾರೆ. ಆದರೆ ಹೀಗೆ ಸುತ್ತಿರೆಂದು ಇನ್ನು ಹೇಳಬಲ್ಲೆ: ಹತ್ತು ದಿನದಲ್ಲಿ ಏಳು ನಗರಗಳನ್ನು ಎಣಿಸುವುದಕ್ಕಿಂತ ಎರಡರಲ್ಲಿ ನಿಲ್ಲಿ, ತಂಗುವುದಕ್ಕೆಂದೇ ಕಟ್ಟಿದ ಹೋಟೆಲಿನಲ್ಲಿ ತಂಗಿ, ಊರಿನವರಂತೆ ಬಾಳುವ ಚಪಲಕ್ಕೆ ಊರಿನವರ ಮನೆಯನ್ನು ಹಿಡಿಯಬೇಡಿ.

ನಾಲ್ಕನೆಯ ದಿನ ಮುಂಜಾನೆ ನಾನು ಹೊರಟೆ. ಮನೆಯಿಂದ ಹೊರಡುವವರು ನಮ್ಮಲ್ಲಿ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿಬರುತ್ತೇನೆ’ ಎನ್ನುತ್ತಾರೆ. ಮೇಲಂತಸ್ತಿನ ವೃದ್ಧೆಯ ಕದ ಮುಚ್ಚಿತ್ತು. ಆ ಮಾತನ್ನು ಹೇಳಲು ಬೇರಾರೂ ಇರಲಿಲ್ಲ. ಬೀಗದ ಕೈಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಒತ್ತಿ, ದೋಣಿಗಟ್ಟೆಯ ಕಡೆಗೆ ನಡೆದೆ.