ಗಾಡಿಯ ಮಾತು: ಒಂದು ಲೋಟ ಎಣ್ಣೆ

ನಮ್ಮ ಭಾವನವರು ಮದರಾಸಿಗೆ ಬಂದು, ಅದು ಚೆನ್ನೈ ಆಗುವುದನ್ನೂ ಕಂಡು, ಮಾಂಬಲದಲ್ಲೇ ನೆಲೆನಿಂತವರು. ಒಮ್ಮೆಯಾದರೂ ಮರ್ಸಿಡೀಸ್ ಓಡಿಸಬೇಕೆಂಬ ಆಸೆ ಅವರಿಗೆ. ಹೊಸದಕ್ಕೆ ಕೈ ಎಟುಕದೆ ಹಳೆಯ ಸಿ 200 ಕೊಂಪ್ರೆಸರ್ ಕೊಂಡರು. ಆರು ತಿಂಗಳಲ್ಲೇ ಮುಂಭಾಗದಿಂದ ಒರಳಿನಲ್ಲಿ ರುಬ್ಬಿದಂಥ ಗರಗರ ಸದ್ದು.

"ಎಣ್ಣೆ ಹೋದ ತಿಂಗಳು ತಾನೇ ಬದಲಾಯಿಸಿದೆನಲ್ಲಯ್ಯಾ!" ಎಂದರು ಭಾವ. ನಿಜ, ಬದಲಾಯಿಸಿದ್ದು ಎಂಜಿನ್ನಿನ ಎಣ್ಣೆ. ಕೊನೆಗೆ ಪುದುಪೇಟೆಯ ಹಿರಿಯ ಮೇಸ್ತ್ರಿಯೊಬ್ಬರು ಕಿವಿಗೊಟ್ಟು ಕೇಳಿ, "ಇದಕ್ಕು ತನಿ ಆಯಿಲ್, ಸಾರ್" ಎಂದರು. ಅಂದರೆ ಇದಕ್ಕೆ ಬೇರೆಯೇ ಎಣ್ಣೆ.

ಆ ಕೊಂಪ್ರೆಸರ್ ಎಂಬುದೇ ಸೂಪರ್‌ಚಾರ್ಜರ್. ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತ ಹೆಚ್ಚು ಗಾಳಿಯನ್ನು ಒಳಕ್ಕೆ ತುರುಕುವ ಯಂತ್ರ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಹಕ್ಕುಪತ್ರ ಪಡೆದ ಗಾಳಿಯಂತ್ರದ ವಂಶವೇ ಇದು. ಒಳಗೆ ಎರಡು ತಿರುಗುಗಳು ಒಂದನ್ನೊಂದು ಮುಟ್ಟದೆ, ಕೂದಲೆಳೆಯ ಅಂತರದಲ್ಲಿ ಸುತ್ತುತ್ತವೆ. ಆ ಅಂತರವನ್ನು ಕಾಯುವವು ಮುಂದಿರುವ ಎರಡು ಹಲ್ಲುಗಾಲಿಗಳು. ಅವು ಮುಳುಗಿರುವುದು ಪುಟ್ಟ ಕೋಣೆಯೊಂದರ ಎಣ್ಣೆಯಲ್ಲಿ. ಹೆಚ್ಚೆಂದರೆ ಒಂದು ಕಾಫಿ ಲೋಟದಷ್ಟು. ಎಂಜಿನ್ನಿನ ಎಣ್ಣೆಗೂ ಅದಕ್ಕೂ ಹೋಗುಬರುವ ದಾರಿಯಿಲ್ಲ. ಅದು ಬತ್ತಿದರೆ ಹಲ್ಲು ಸವೆದು, ತಿರುಗುಗಳು ಒಂದಕ್ಕೊಂದು ತಾಗಿ, ಲೋಹದ ಚೂರು ಎಂಜಿನ್ನಿಗೇ ಸೇರೀತು.

"ಜೀವಮಾನಕ್ಕೆಲ್ಲ ಸಾಕು" ಎನ್ನುವ ತಯಾರಕರೂ ಉಂಟು. ಯಾರ ಜೀವಮಾನ, ಕಾರಿನದೋ ವಾರಂಟಿಯದೋ? ಹಳೆಯ ಕಾರು ಕೊಂಡವರು ಮೊದಲು ಇದನ್ನು ನೋಡಿಸುವುದು ಕ್ಷೇಮ. ಇಂಥ ಹಲವು ಯಂತ್ರಗಳಿಗೆ ಎಣ್ಣೆ ಇಳಿಸುವ ತೂತೇ ಇರುವುದಿಲ್ಲ. ಯಂತ್ರ ತಣ್ಣಗಾದ ಮೇಲೆ ತುಂಬುವ ಬಿರಡೆ ಬಿಚ್ಚಿ, ಸಿರಿಂಜಿನಿಂದ ಹಳೆಯದನ್ನು ಎಳೆದು, ಅದಕ್ಕೆಂದೇ ಇರುವ ಎಣ್ಣೆಯನ್ನು ಹೇಳಿದ ಮಟ್ಟಕ್ಕೆ ಮಾತ್ರ ತುಂಬಬೇಕು. ಕೈ ಧಾರಾಳವಾದರೆ ಸೀಲು ಕೆಟ್ಟು ಎಣ್ಣೆ ಎಂಜಿನ್ನಿಗೆ ಸೇರಿ ಹೊಗೆ ಬಂದೀತು. ಹೊರಗೆ ಸೋರದೆ ಮಟ್ಟ ತಗ್ಗಿದ್ದರೂ ಸೀಲಿನ ಮೇಲೆಯೇ ಅನುಮಾನ.

ನಿಮ್ಮ ಮನೆಯ ಕಾರಿನಲ್ಲಿ ಟರ್ಬೋ ಇದ್ದರೆ ಕಥೆ ತಿರುಗುಮುರುಗು. ಅದಕ್ಕೆ ಸಾಮಾನ್ಯವಾಗಿ ಬೇರೆ ಎಣ್ಣೆಯಿಲ್ಲ, ಎಂಜಿನ್ನಿನದೇ ಆಧಾರ. ನಿಮಿಷಕ್ಕೆ ಲಕ್ಷ ಸುತ್ತು ಮೀರಬಲ್ಲ ಅದರ ದಂಡ ತೇಲುವುದು ಆ ಎಣ್ಣೆಯ ಪದರದ ಮೇಲೆ. ಬೆಂಗಳೂರಿನಿಂದ ಬರುವಾಗ ಆಂಬೂರಿನ ಬಳಿ ಕಾಫಿಗೆ ನಿಲ್ಲಿಸುತ್ತೀರಲ್ಲ, ಓಡಿಬಂದ ಎಂಜಿನ್ನನ್ನು ತಟ್ಟನೆ ಆರಿಸಬೇಡಿ, ಒಂದು ನಿಮಿಷ ಹಾಗೆಯೇ ಬಿಡಿ. ಇಲ್ಲವಾದರೆ ಕಾದ ಟರ್ಬೋದಲ್ಲಿ ನಿಂತ ಎಣ್ಣೆ ಸೀದು ಕರಿಯಾಗುತ್ತದೆ.

ಭಾವನವರ ಹಲ್ಲುಗಾಲಿ ಉಳಿಯಿತು, ಬೇರಿಂಗು ಉಳಿಯಲಿಲ್ಲ. ಅದರ ಖರ್ಚಿನಲ್ಲಿ ತಿರುಪತಿಗೆ ಹತ್ತು ಸಲ ಹೋಗಿಬರಬಹುದಿತ್ತೆಂದು ಅಕ್ಕ ಈಗಲೂ ಎಣಿಸುತ್ತಾಳೆ. ಮಿಕ್ಕ ಎಣ್ಣೆಯ ಸೀಸೆಯನ್ನು ಭಾವ ಉಗ್ರಾಣದಲ್ಲಿಟ್ಟಿದ್ದರು. ಆ ಎಣ್ಣೆಯ ನಾತ ಬಲ್ಲವರೇ ಬಲ್ಲರು. ಮರುದಿನ ಬೆಳಿಗ್ಗೆ ಸೀಸೆ ಗೇಟಿನ ಹೊರಗಿತ್ತು.